ಕ್ಯಾಮೆರಾ ಫೋನ್ ಒಂದೇ ಸಾಕಾ? ಬಳಸಿದವರು ಹೇಳಿ

ಪ್ರಶ್ನೆ: ನನ್ನ ಹಳೇ ಡಿಜಿಟಲ್ ಕ್ಯಾಮೆರಾ ಕೆಟ್ಟುಹೋಗಿದೆ. ಇನ್ನೊಂದು ಕೊಳ್ಳುವ ಬದಲು ಒಳ್ಳೆ ಕ್ಯಾಮೆರಾ ಇರುವ ಫೋನೇ ತಗೊಳ್ಳೋಣ ಅಂತಿದ್ದೇನೆ. ಪ್ರವಾಸ, ಮನೆಮಂದಿ, ಮಗಳ ಶಾಲೆಯ ನಾಟಕ, ನನ್ನ ಫೋಟೊಗಳು ಇಷ್ಟೇ. ಲಾಭ-ನಷ್ಟ ಎರಡೂ ತಿಳಿಸಿ.

ಉತ್ತರ 1: ಧಾರಾಳವಾಗಿ ಫೋನ್ ತಗೊಳ್ಳಿ. ನಾನು ಬೇರೆ ಕ್ಯಾಮೆರಾ ಮುಟ್ಟಿ ಆರು ವರ್ಷ ಆಯಿತು. ಚೆಂದದ ಫೋಟೊಗಿಂತ ನನಗೆ ಉಪಯೋಗಕ್ಕೆ ಬಂದದ್ದು ಚಿಲ್ಲರೆ ಫೋಟೊಗಳೇ. ನೀರಿನ ಪಂಪ್ ಬಿಚ್ಚುವ ಮುಂಚೆ ಯಾವ ವೈರ್ ಎಲ್ಲಿ ಸೇರಿದೆ ಅಂತ ಒಂದು ಹೊಡೆದಿಟ್ಟೆ, ವಾಪಸ್ ಜೋಡಿಸುವಾಗ ಅದೇ ಕಾಪಾಡಿತು. ಮಾತ್ರೆ ಪಟ್ಟಿಯ ಹಿಂದಿರುವ ಇರುವೆಯಂಥ ಅಕ್ಷರವನ್ನೂ ಫೋಟೊ ತೆಗೆದು, ದೊಡ್ಡದು ಮಾಡಿಯೇ ಓದೋದು. ಇದಕ್ಕೆಲ್ಲ ಯಾರು ಕ್ಯಾಮೆರಾ ಹೊತ್ತು ತಿರುಗುತ್ತಾರೆ?

ಉತ್ತರ 2: ನಾಟಕ ಅಂದಿರಲ್ಲ, ಸಿಕ್ಕಿಬೀಳೋದು ಅಲ್ಲೇ. ನನ್ನ ಮಗ ರಾಜನ ವೇಷ ಹಾಕಿದ್ದ. ನಾನು ಕೊನೆಯ ಸಾಲಿನಿಂದ ಬೆರಳಲ್ಲಿ ಎಳೆದು ಎಳೆದು ಜೂಮ್ ಮಾಡಿ ತೆಗೆದೆ. ಮನೆಗೆ ಬಂದು ನೋಡಿದರೆ ರಾಜನ ಮುಖ ಕರಗಿದ ಮೇಣ! ಡಿಜಿಟಲ್ ಜೂಮ್ ಅಂದರೆ ಇರುವ ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸುವುದು, ಅಷ್ಟೇ. ಕತ್ತಲಲ್ಲಿ ತೆಗೆಯಲೆಂದು ಇರುವ ನೈಟ್ ಮೋಡ್ ಕೂಡ ಕೈಕೊಟ್ಟಿತು. ಅದು ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಸೇರಿಸುತ್ತದೆ. ಕಟ್ಟಡಕ್ಕೆ ಸರಿ, ಕತ್ತಿ ಬೀಸುವ ಹುಡುಗನಿಗಲ್ಲ.

ಮೆಗಾಪಿಕ್ಸೆಲ್ (ಚಿತ್ರದಲ್ಲಿ ಎಷ್ಟು ಮಿಲಿಯನ್ ಚುಕ್ಕಿ, ಅಂದರೆ ಪಿಕ್ಸೆಲ್, ಇವೆ ಅನ್ನುವ ಲೆಕ್ಕ) ನೋಡಿ ಮರುಳಾಗಬೇಡಿ. 2000ರಲ್ಲಿ ಜಪಾನಿನಲ್ಲಿ ಬಂದ ಶಾರ್ಪ್ ಕ್ಯಾಮೆರಾ ಫೋನಿನಲ್ಲಿ ಇದ್ದದ್ದು ಬರೀ 0.11 ಮೆಗಾಪಿಕ್ಸೆಲ್. ಈಗ 48 ಅಂತ ಬರೆದಿರುತ್ತಾರೆ, ಆದರೆ ಅಂಥ ಎಷ್ಟೋ ಫೋನ್‌ಗಳು ನಾಲ್ಕು ಪಿಕ್ಸೆಲ್ ಕೂಡಿಸಿ ಒಂದು ಮಾಡಿ ಮಾಮೂಲಾಗಿ ಕೊಡುವುದು 12ರ ಫೋಟೊ. ದೊಡ್ಡ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಭಾಗ, ಅಂದರೆ ಫುಲ್ ಫ್ರೇಮ್ ಸೆನ್ಸರ್, 36×24 ಮಿಲಿಮೀಟರ್ ಇರುತ್ತದೆ. ಫೋನಿನದ್ದು ಅದರ ಮುಂದೆ ಚೂರು. ಕತ್ತಲಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಹಾಗಾಗಿ ಆಪ್ಟಿಕಲ್ ಜೂಮ್ (ಚಿತ್ರ ಕತ್ತರಿಸದೆ ಲೆನ್ಸೇ ಹತ್ತಿರ ತೋರಿಸುವುದು) ಎಷ್ಟಿದೆ ಕೇಳಿ, ಇಲ್ಲವಾದರೆ ಮುಂದಿನ ಸಾಲಲ್ಲಿ ಕೂರಿ.

ಉತ್ತರ 3: ಲೊಕೇಶನ್ ಬಗ್ಗೆ ಯಾರೂ ಹೇಳಲಿಲ್ಲ. ಹಳೇ ಮೇಜು ಮಾರಬೇಕಿತ್ತು, ಕೇಳಿದವರಿಗೆ ಇಮೇಲ್‌ನಲ್ಲಿ ಮೂಲ ಫೋಟೊ ಕಳಿಸಿದೆ. ವಿಳಾಸ ನಾನು ಕೊಟ್ಟೇ ಇರಲಿಲ್ಲ. ಆ ಕಡೆಯವರು "ನಿಮ್ಮ ಮನೆ ಇದೇ ಬೀದಿ ಅಲ್ವಾ?" ಅಂದಾಗ ಎದೆ ಧಸಕ್ಕೆಂದಿತು. ಫೋಟೊ ಫೈಲಿನೊಳಗೇ ತೆಗೆದ ಜಾಗ ಕೂತಿರುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಬಹುದು. ಪ್ರವಾಸದಲ್ಲಿ ಮಾತ್ರ ನಾನು ಬೇಕಂತಲೇ ಆನ್ ಇಡುತ್ತೇನೆ, ಯಾವ ಬೆಟ್ಟ ಯಾವುದು ಅಂತ ಆಮೇಲೆ ನೆನಪಿರಲ್ಲ.

ಉತ್ತರ 4: ಮೊದಲು ಲೆನ್ಸ್ ಒರೆಸಿ ಸ್ವಾಮಿ. ದೀಪಗಳಿಗೆಲ್ಲ ಬಾಲ ಬಂದಂತೆ ಕಂಡರೆ ಅದು ನಿಮ್ಮದೇ ಬೆರಳಿನ ಜಿಡ್ಡು. ಇನ್ನೊಂದು, ನಕಲು ಬೇರೆ ಕಡೆ ಇಟ್ಟುಕೊಳ್ಳಿ. ನನ್ನ ಫೋನ್ ಬಾವಿಗೆ ಬಿತ್ತು, ಜೊತೆಗೆ ಮೂರು ವರ್ಷದ ಫೋಟೊಗಳೂ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಫೋನೇ ತಗೊಳ್ಳುತ್ತೇನೆ. ನಾಟಕದ ದಿನಕ್ಕೆ ಮಾತ್ರ ತಮ್ಮನ ಜೂಮ್ ಕ್ಯಾಮೆರಾ ಕೇಳಿದ್ದೇನೆ, ಕೊಡ್ತೀನಿ ಅಂದಿದ್ದಾನೆ. ಹಾಂ, ಈಗಿನ ಫೋನಿನ ಲೆನ್ಸ್ ಒರೆಸಿ ನೋಡಿದೆ. ಇಷ್ಟು ದಿನ ಸುಮ್ನೆ ಫೋನನ್ನು ಬೈಯುತ್ತಿದ್ದೆ.