ಚಾರ್ಜರ್‌ನಲ್ಲಿ ಎಸ್‌ಸಿಆರ್ ಇದ್ದ ಜಾಗಕ್ಕೆ ಐಜಿಬಿಟಿ ಹಾಕಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಕಾರ್ಖಾನೆಯೊಂದರ ವಿದ್ಯುತ್ ನಿರ್ವಹಣಾ ವಿಭಾಗದಲ್ಲಿದ್ದೇನೆ. ನಮ್ಮ ಸಬ್‌ಸ್ಟೇಷನ್ನಿನ 110 ವೋಲ್ಟ್ ಬ್ಯಾಟರಿ ಚಾರ್ಜರ್‌ನಲ್ಲಿ ಆರು ಎಸ್‌ಸಿಆರ್‌ಗಳ ತ್ರೀ ಫೇಸ್ ಬ್ರಿಡ್ಜ್ ಇದೆ (ಎಸ್‌ಸಿಆರ್ ಎಂದರೆ ಗೇಟಿಗೆ ಪಲ್ಸ್ ಕೊಟ್ಟಾಗ ಆನ್ ಆಗುವ ಸ್ವಿಚ್, ಬ್ರಿಡ್ಜ್ ಎಂದರೆ ಎಸಿಯನ್ನು ಡಿಸಿ ಮಾಡುವ ಸರ್ಕ್ಯೂಟ್). ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ 120 ವೋಲ್ಟ್, ಬ್ಯಾಟರಿ 55 ಸೆಲ್‌ಗಳದ್ದು. ಒಂದು ಫೇಸಿನ ಎರಡೂ ಎಸ್‌ಸಿಆರ್‌ಗಳು ಶಾರ್ಟ್ ಆಗಿವೆ. ಹಳೆಯ ಡ್ರೈವ್‌ನಿಂದ ಬಿಚ್ಚಿದ 1200 ವೋಲ್ಟ್, 150 ಆಂಪಿಯರ್ ಐಜಿಬಿಟಿ (ಒಂದು ಬಗೆಯ ಪವರ್ ಟ್ರಾನ್ಸಿಸ್ಟರ್) ಮಾಡ್ಯೂಲ್ ನನ್ನ ಬಳಿ ಇದೆ. ಮಲ್ಟಿಮೀಟರಿನ ಡಯೋಡ್ ರೇಂಜಿನಲ್ಲಿ ಒಂದು ದಿಕ್ಕಿಗೆ 0.4 ತೋರಿಸುತ್ತದೆ, ಇನ್ನೊಂದು ದಿಕ್ಕಿಗೆ ಏನೂ ಇಲ್ಲ, ಅಂದರೆ ಚೆನ್ನಾಗಿಯೇ ಇದೆ. ಅದನ್ನೇ ಹಾಕಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ. ನಿಮ್ಮ ಮೀಟರು ತೋರಿಸಿದ ಆ 0.4ರಲ್ಲಿಯೇ ಕಾರಣವೂ ಇದೆ. ಒಳ್ಳೆಯ ಎಸ್‌ಸಿಆರ್‌ನ ಆನೋಡ್ ಮತ್ತು ಕ್ಯಾಥೋಡ್ ನಡುವೆ ಮೀಟರು ಎರಡೂ ದಿಕ್ಕಿಗೆ ಏನನ್ನೂ ತೋರಿಸಬಾರದು, ಏಕೆಂದರೆ ಗೇಟಿಗೆ ಪಲ್ಸ್ ಬರುವ ತನಕ ಅದು ಎರಡೂ ಕಡೆಯ ವೋಲ್ಟೇಜನ್ನು ತಡೆದು ನಿಲ್ಲುತ್ತದೆ. ನೀವು ಕಂಡದ್ದು ಐಜಿಬಿಟಿಯ ಬೆನ್ನಿಗೆ ತಲೆಕೆಳಗಾಗಿ ಜೋಡಿಸಿರುವ ಡಯೋಡ್. ಎಸ್‌ಸಿಆರ್ ಇದ್ದ ದಿಕ್ಕಿಗೇ ಮಾಡ್ಯೂಲನ್ನು ಕೂರಿಸಿದರೆ, ಮೇಲಿನ ಮತ್ತು ಕೆಳಗಿನ ಎರಡು ಡಯೋಡ್‌ಗಳು ಸೇರಿ ಬ್ಯಾಟರಿಯ ಪ್ಲಸ್‌ನಿಂದ ಮೈನಸ್‌ಗೆ ನೇರ ದಾರಿಯಾಗುತ್ತವೆ. ಎಸಿ ಸಪ್ಲೈ ಕೊಡುವ ಮೊದಲೇ, ಬ್ಯಾಟರಿಯ ಫ್ಯೂಸ್ ಹಾಕಿದ ಕ್ಷಣದಲ್ಲಿ ಶಾರ್ಟ್ ಆಗುತ್ತದೆ. ದಿಕ್ಕು ತಿರುಗಿಸಿದರೆ ಅದು ಬರೀ ಡಯೋಡ್ ಬ್ರಿಡ್ಜ್‌ನ ಒಂದು ಕಾಲಾಗುತ್ತದೆ (ಒಂದು ಫೇಸಿನ ಮೇಲಿನ-ಕೆಳಗಿನ ಜೋಡಿಗೆ ಕಾಲು ಎನ್ನುತ್ತೇವೆ), ಅದರ ಮೇಲೆ ನಿಮ್ಮ ಕಂಟ್ರೋಲ್ ಕಾರ್ಡಿಗೆ ಯಾವ ಹಿಡಿತವೂ ಇರುವುದಿಲ್ಲ. ಮೂರೂ ಕಾಲುಗಳನ್ನು ಹಾಗೆ ಬದಲಿಸಿದರಂತೂ 120ರ 1.35 ಪಟ್ಟು, ಅಂದರೆ 162 ವೋಲ್ಟ್ ಸದಾ ಬರುತ್ತಿರುತ್ತದೆ. ಸೆಲ್ಲಿಗೆ 2.25ರ ಲೆಕ್ಕದಲ್ಲಿ ನಿಮಗೆ ಬೇಕಾದ ಫ್ಲೋಟ್ ವೋಲ್ಟೇಜ್ (ತುಂಬಿದ ಬ್ಯಾಟರಿಯನ್ನು ಹಾಗೇ ಕಾಯ್ದಿಡುವ ವೋಲ್ಟೇಜ್) ಸುಮಾರು 124 ಮಾತ್ರ.

ಡಯೋಡ್ ಇಲ್ಲದ ಐಜಿಬಿಟಿ ತಂದರೂ ತೊಂದರೆ ತಪ್ಪುವುದಿಲ್ಲ. ಸಾಮಾನ್ಯ ಐಜಿಬಿಟಿಯ ಮೇಲೆ ಬರೆದಿರುವ 1200 ವೋಲ್ಟ್ ಮುಂದಿನ ದಿಕ್ಕಿಗೆ ಮಾತ್ರ. ಹಿಂದಿನ ದಿಕ್ಕಿಗೆ ಅದು ಕೆಲವು ಹತ್ತು ವೋಲ್ಟ್ ತಡೆದರೆ ಹೆಚ್ಚು, ನಿಮ್ಮಲ್ಲಿ ಅಲ್ಲಿ 170 ವೋಲ್ಟಿನ ಪೀಕ್ ಬೀಳುತ್ತದೆ. ಗೇಟಿನ ವಿಷಯವೂ ಬೇರೆ. ಎಸ್‌ಸಿಆರ್‌ಗೆ ಒಂದು ಚಿಕ್ಕ ಪಲ್ಸ್ ಸಾಕು, ಆಮೇಲೆ ಕರೆಂಟ್ ಇರುವಷ್ಟು ಹೊತ್ತು ಅದು ತಾನೇ ಹಿಡಿದುಕೊಳ್ಳುತ್ತದೆ. ಐಜಿಬಿಟಿಗಾದರೋ ಪ್ರತಿ ಸರದಿಯ 6.67 ಮಿಲಿಸೆಕೆಂಡ್ ಉದ್ದಕ್ಕೂ ಗೇಟಿನಲ್ಲಿ 15 ವೋಲ್ಟ್ ನಿಂತಿರಬೇಕು, ನಿಮ್ಮ ಕಾರ್ಡಿನ ಪಲ್ಸ್ ಟ್ರಾನ್ಸ್‌ಫಾರ್ಮರ್ ಅದನ್ನು ಕೊಡಲಾರದು. ಶಾರ್ಟ್ ಸರ್ಕ್ಯೂಟಿನಲ್ಲಿ ಎಸ್‌ಸಿಆರ್ ತನ್ನ ರೇಟಿಂಗಿನ ಹತ್ತಾರು ಪಟ್ಟು ಕರೆಂಟನ್ನು ಅರ್ಧ ಸೈಕಲ್, ಅಂದರೆ 10 ಮಿಲಿಸೆಕೆಂಡ್ ತಾಳಿಕೊಳ್ಳುತ್ತದೆ, ಅಷ್ಟರಲ್ಲಿ ಫ್ಯೂಸ್ ಹಾರುತ್ತದೆ. ಐಜಿಬಿಟಿ ತಾಳಿಕೊಳ್ಳುವುದು ಸುಮಾರು 10 ಮೈಕ್ರೋಸೆಕೆಂಡ್. ಫ್ಯೂಸ್ ಉಳಿದು ಮಾಡ್ಯೂಲೇ ಹೋಗುತ್ತದೆ.

ಮರುಪ್ರಶ್ನೆ: ಹಾಗಿದ್ದರೆ ರೈಲ್ವೆಯವರು ಡಬ್ಲ್ಯುಎಜಿ-9 ಎಂಬ ವಿದ್ಯುತ್ ಗೂಡ್ಸ್ ಎಂಜಿನ್ನುಗಳಲ್ಲಿ ಜಿಟಿಒ (ಗೇಟಿನಿಂದಲೇ ಆಫ್ ಮಾಡಬಹುದಾದ ಎಸ್‌ಸಿಆರ್ ಬಗೆ) ತೆಗೆದು ಐಜಿಬಿಟಿಗೆ ಹೋದದ್ದು ಹೇಗೆ ಸರ್?

ಉತ್ತರ: ಒಳ್ಳೆಯ ಪ್ರಶ್ನೆ. ಅಲ್ಲಿ ಬದಲಾದದ್ದು ಬಿಡಿಭಾಗವಲ್ಲ, ಗೇಟ್ ಡ್ರೈವರ್ ಮತ್ತು ರಕ್ಷಣೆಯ ಸಮೇತ ಇಡೀ ಕನ್ವರ್ಟರ್. ಅದೂ ಅಲ್ಲದೆ ಆ ರೆಕ್ಟಿಫೈಯರ್ ಮೊದಲಿನಿಂದಲೂ ಬೆನ್ನಿಗೆ ಡಯೋಡ್ ಇರುವ ಬಗೆಯದು. ಡಿಸಿ ವೋಲ್ಟೇಜನ್ನು ಎಸಿಯ ಪೀಕ್‌ಗಿಂತ ಮೇಲಕ್ಕೇರಿಸಿ, ಬ್ರೇಕ್ ಹಾಕಿದಾಗ ವಿದ್ಯುತ್ತನ್ನು ಲೈನಿಗೆ ಹಿಂತಿರುಗಿಸುತ್ತದೆ. ನಿಮ್ಮ ಚಾರ್ಜರ್ ವೋಲ್ಟೇಜನ್ನು ಇಳಿಸಬೇಕಾದದ್ದು.

ಹಾಗಾಗಿ ಎಸ್‌ಸಿಆರ್ ಮಾಡ್ಯೂಲನ್ನೇ ತನ್ನಿ. ಸರಾಸರಿ ಕರೆಂಟ್, ವೋಲ್ಟೇಜ್, ಐ ಸ್ಕ್ವೇರ್ ಟಿ (ಶಾರ್ಟ್ ಆದಾಗ ಫ್ಯೂಸ್ ಹಾರುವ ತನಕ ತಾಳುವ ಶಕ್ತಿಯ ಅಳತೆ), ಗೇಟ್ ಕರೆಂಟ್ ಈ ನಾಲ್ಕನ್ನು ಹಳೆಯದರೊಂದಿಗೆ ಹೋಲಿಸಿ ನೋಡಿ. ಎರಡೂ ಒಟ್ಟಿಗೆ ಹೋಗಿರುವುದರಿಂದ ಆ ಕಾಲಿನ ಸ್ನಬರ್ (ವೋಲ್ಟೇಜಿನ ಹಠಾತ್ ಏರಿಕೆಯನ್ನು ತಗ್ಗಿಸುವ ಸರ್ಕ್ಯೂಟ್) ಕೆಪಾಸಿಟರನ್ನೂ ಅಳೆಯಿರಿ. ಬ್ಯಾಟರಿ ಜೋಡಿಸುವ ಮೊದಲು ನಾಲ್ಕೈದು 200 ವಾಟ್ ಬಲ್ಬುಗಳನ್ನು ಪ್ಯಾರಲಲ್ ಆಗಿ ಹಾಕಿ ಪರೀಕ್ಷಿಸಿ. ಒಂದೇ ಸಣ್ಣ ಬಲ್ಬಿಟ್ಟರೆ ಲ್ಯಾಚಿಂಗ್ ಕರೆಂಟ್ (ಪಲ್ಸ್ ಹೋದ ಮೇಲೂ ಆನ್ ಆಗಿ ಉಳಿಯಲು ಬೇಕಾದ ಕನಿಷ್ಠ ಕರೆಂಟ್) ಸಾಲದೆ ಹೊಸ ಎಸ್‌ಸಿಆರ್ ಕೂಡ ಕೆಟ್ಟಂತೆ ಕಾಣುತ್ತದೆ.