ಹಳೇ ಕಾರಿನ ಸಿಲ್‌ಗೆ ತುಕ್ಕು: ಖರ್ಚೆಷ್ಟು ಬರಬಹುದು?

ನಮಸ್ಕಾರ, ಕಾರವಾರದಿಂದ. ನನ್ನದು 1990ರ ದಶಕದ ಮಜ್ದಾ ಎಂಎಕ್ಸ್-5, ಟಾಪ್ ಮಡಚುವ ಕಾರು. ಬಾಗಿಲ ಕೆಳಗೆ ಉದ್ದಕ್ಕೆ ಇರುವ ಟೊಳ್ಳು ತಗಡಿನ ಪಟ್ಟಿ (ಸಿಲ್) ಹಿಂದಿನ ಚಕ್ರದ ಹತ್ರ ಎಷ್ಟು ಕೊಳೆತಿದೆ ಅಂದ್ರೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಗುತ್ತದೆ. ಮಡಚುವ ಟಾಪ್‌ನ ಮಳೆನೀರು ಪೈಪಿನಲ್ಲಿ ಇಳಿದು ಅಲ್ಲೇ ಹೊರಗೆ ಹೋಗಬೇಕು, ಕಸ ಕಟ್ಟಿಕೊಂಡರೆ ಸಿಲ್ ಒಳಗೇ ನಿಲ್ಲುತ್ತದೆ, ಮೇಲಿಂದ ನಮ್ಮೂರ ಉಪ್ಪುಗಾಳಿ ಬೇರೆ.

ಇಲ್ಲಿ ಟಿಂಕರಿಂಗ್ ಮಾಡುವವರೊಬ್ಬರು 8 ಸಾವಿರಕ್ಕೆ ತಗಡು ಹಚ್ಚಿ ಪುಟ್ಟಿ ಬಳಿದು ಕೊಡ್ತೇನೆ ಅಂದರು. ಗೋವಾದಲ್ಲಿ ಕೊಳೆತದ್ದನ್ನೆಲ್ಲ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಲು, ಪೇಂಟ್ ಸೇರಿ, 60 ಸಾವಿರ ಹೇಳಿದರು. ಗಟ್ಟಿ ಛಾವಣಿ ಇಲ್ಲದ ಕಾರಿಗೆ ಸಿಲ್ಲೇ ಬೆನ್ನೆಲುಬು, ಪುಟ್ಟಿ ಸುಮ್ನೆ ದಂಡ ಅಲ್ವಾ? ಸಿಲ್‌ನ ಒಳಪದರವೂ ಹೋಗಿದ್ದರೆ ಇನ್ನೆಷ್ಟು ಜಾಸ್ತಿ ಆಗಬಹುದು? ಅಂಕೋಲಾ, ಶಿರಸಿ, ಹುಬ್ಬಳ್ಳಿ ಕಡೆ ಮಿಗ್ ವೆಲ್ಡಿಂಗ್ (ತಂತಿ, ಗ್ಯಾಸ್ ಬಳಸುವ ಬೆಸುಗೆ) ಚೆನ್ನಾಗಿ ಮಾಡುವವರಿದ್ದರೆ ದಯವಿಟ್ಟು ತಿಳಿಸಿ, ಮಳೆಗಾಲ ಶುರುವಾಗುವ ಮೊದಲೇ ಮುಗಿಸಬೇಕು.