ಪದಚರ್ಚೆ: ಹಿತ್ತಾಳೆಯ ಸನ್‌ಡಯಲ್‌ಗೆ ಕನ್ನಡ ಬೋರ್ಡು – ಶಂಕುವೋ ಅಲಗೋ?

> ಕಾಸರಗೋಡಿನ ಹತ್ತಿರ ಬ್ರಿಟಿಷರ ಕಾಲದ ಬಂಗಲೆಯೊಂದರ ಅಂಗಳದಲ್ಲಿ ಬಿಸಿಲಿನ ನೆರಳಿನಿಂದ ಹೊತ್ತು ತೋರಿಸುವ, ಕೆತ್ತನೆಯ ಹಿತ್ತಾಳೆ ಸನ್‌ಡಯಲ್ ಇದೆ. ಕನ್ನಡ, ಮಲಯಾಳ ಎರಡರಲ್ಲೂ ಬೋರ್ಡು ಹಾಕುತ್ತಿದ್ದೇವೆ. ಸೋಮವಾರ ಪೇಂಟರಿಗೆ ಬರಹ ಕೊಡಬೇಕು. ಸನ್‌ಡಯಲ್, ನೋಮನ್ (ಅದರ ಮೇಲೆ ನೆರಳು ಬೀಳಿಸುವ ಭಾಗ) ಎರಡಕ್ಕೂ ಪದ ಬೇಕು. ತಟ್ಟೆಯ ಅಂಚಿನಲ್ಲಿ ‘ವಾಚ್ ಫಾಸ್ಟ್’, ‘ವಾಚ್ ಸ್ಲೋ’ ಎಂದು ಕೆತ್ತಿದೆ. ಅದಕ್ಕೇನು ಬರೆಯಲಿ?

ನೆರಳು ಗಡಿಯಾರ ಎಂದು ಬರೆಯಿರಿ. ಸೂರ್ಯ ಗಡಿಯಾರವೂ ನಡೆಯುತ್ತದೆ. ಛಾಯಾಯಂತ್ರ ಬೇಡವೇ ಬೇಡ. ಬಂಗಲೆ ನೋಡಲು ಬಂದವರು ನಿಂತು ಓದುವ ಬೋರ್ಡು ಇದು.

ನೋಮನ್‌ಗೆ ಶಂಕು ಎಂದು ಈಗಾಗಲೇ ಇಬ್ಬರು ಹೇಳಿಯಾಯಿತು. ನಾನು ಒಪ್ಪುವುದಿಲ್ಲ. ಶಂಕು ಎಂದರೆ ನೆಲಕ್ಕೆ ನೆಟ್ಟಗೆ ನೆಟ್ಟ ಗೂಟ. ಹಳೆಯ ಲೆಕ್ಕಗಳಲ್ಲಿ ಹನ್ನೆರಡು ಅಂಗುಲದ್ದು. ಅದರ ನೆರಳಿನ ಉದ್ದ ಅಳೆಯುತ್ತಾರೆ. ಕಾಸರಗೋಡಿನಲ್ಲಿ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವಿಗೆ ಒಮ್ಮೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಆಗ ಶಂಕುವಿಗೆ ನೆರಳೇ ಇಲ್ಲ. ನಿಮ್ಮ ಫೋಟೋದಲ್ಲಿರುವುದು ಗೂಟವಲ್ಲ, ತಟ್ಟೆಯ ಮೇಲೆ ನಿಲ್ಲಿಸಿದ ಮೂರು ಮೂಲೆಯ ತೆಳು ತಗಡು. ಅದರ ಓರೆ ಅಂಚು ಆಕಾಶದ ಉತ್ತರ ಧ್ರುವದ ಕಡೆ, ಅಂದರೆ ಧ್ರುವ ನಕ್ಷತ್ರದ ಕಡೆ ಮುಖ ಮಾಡಿರಬೇಕು. ಇಲ್ಲಿ ನೆರಳು ಎಷ್ಟು ಉದ್ದ ಎಂದು ಯಾರೂ ಕೇಳುವುದಿಲ್ಲ, ಯಾವ ಗೆರೆಯ ಮೇಲೆ ಬಿತ್ತು ಎಂದು ನೋಡುತ್ತಾರೆ. ಎರಡರ ಕೆಲಸವೇ ಬೇರೆ ಅಲ್ವಾ? ಮೇಲಾಗಿ ಶಾಲೆಯ ಮಕ್ಕಳಿಗೆ ಶಂಕು ಎಂದರೆ ಗಣಿತದ ಕೋನ್ ಆಕಾರ.

ಅಲಗು ಎಂದು ಬರೆಯಿರಿ. ಚೂರಿಗೆ ಇರುವುದು ಅದೇ ಅಲಗು. ತೆಳ್ಳಗೆ, ಅಂಚೇ ಮುಖ್ಯ. ಮಲಯಾಳದಲ್ಲೂ ಅಲಕ್ ಇದೆ, ಎರಡು ಬೋರ್ಡಿಗೂ ಒಂದೇ ಪದ ಸಿಕ್ಕಿತು.

‘ಗಡಿಯಾರ ಕನ್ನಡವಲ್ಲ, ಹೊತ್ತಳೆ ಎನ್ನಿ’ ಎಂದವರಿಗೆ ಒಂದು ಮಾತು. ಗಡಿಯಾರದ ಬೇರು ಘಟಿ, ಅಂದರೆ ಮಡಕೆ. ಗಳಿಗೆಯೂ ಅಲ್ಲಿಂದಲೇ ಬಂದದ್ದು. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಡುತ್ತಿದ್ದರು. ಅದು ತುಂಬಿ ಮುಳುಗಲು 24 ನಿಮಿಷ, ಅದೇ ಒಂದು ಗಳಿಗೆ. ಗಡಿಯಾರವನ್ನು ಹೊರಗೆ ಹಾಕಿದರೆ ಗಳಿಗೆಯನ್ನೂ ಹಾಕಬೇಕು. ಹಾಕುತ್ತೀರಾ? 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಇಲ್ಲಿ ಒಂದೊಂದು ಕನ್ನಡ ಬೋರ್ಡಿಗೂ ಬೆಲೆಯಿದೆ. ಅದನ್ನು ಕನ್ನಡದವರೇ ಓದಿ ತಿಳಿಯಲಾರದ ಹಾಗೆ ಬರೆದರೆ ಯಾರಿಗೆ ಉಪಕಾರ? ಎರವಲು ಪದದಿಂದ ಕಾಸರಗೋಡಿನ ಕನ್ನಡಕ್ಕೆ ಏನೂ ಆಗಿಲ್ಲ. ಓದುವವರು ಕಡಿಮೆಯಾದದ್ದರಿಂದ ಆಗಿದೆ.

ಇನ್ನು ‘ವಾಚ್ ಫಾಸ್ಟ್’. ವೇಗ, ನಿಧಾನ ಎಂದು ಬರೆಯಬೇಡಿ. ‘ವಾಚು ಮುಂದೆ’, ‘ವಾಚು ಹಿಂದೆ’ ಸಾಕು, ನಾವು ಆಡುವುದೇ ಹಾಗೆ. ಫೆಬ್ರವರಿ ನಡುವಿಗೆ ವಾಚು ನೆರಳಿಗಿಂತ ಸುಮಾರು 14 ನಿಮಿಷ ಮುಂದೆ, ನವೆಂಬರ್ ಶುರುವಿಗೆ ಸುಮಾರು 16 ನಿಮಿಷ ಹಿಂದೆ. ಆದರೆ ಇದು ಆಯಾ ಊರಿನ ಸಮಯದ ಲೆಕ್ಕ. ಈಗಿನ ನಮ್ಮ ವಾಚು ನಡೆಯುವುದು 82.5 ಡಿಗ್ರಿ ರೇಖಾಂಶದ ಸಮಯಕ್ಕೆ. ಕಾಸರಗೋಡು ಇರುವುದು 75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಇನ್ನೂ ಅರ್ಧ ಗಂಟೆ ವ್ಯತ್ಯಾಸ. ಬೋರ್ಡಿನಲ್ಲಿ ಇದೊಂದು ಸಾಲು ಸೇರಿಸಿ, ಇಲ್ಲದಿದ್ದರೆ ನೋಡಿದವರೆಲ್ಲ ಕೆಟ್ಟುಹೋಗಿದೆ ಎನ್ನುತ್ತಾರೆ.

ಬರಹ ಕೊಡುವ ಮೊದಲು ಅಲಗಿನ ಓರೆಯನ್ನು ಮಕ್ಕಳ ಕೋನಮಾಪಕದಲ್ಲಿ ಅಳೆಯಿರಿ. ಅದು ಆಯಾ ಊರಿನ ಅಕ್ಷಾಂಶದಷ್ಟೇ ಇರಬೇಕು. ನಮ್ಮೂರಿಗೆಂದೇ ಮಾಡಿಸಿದ್ದರೆ 12.5 ಡಿಗ್ರಿಯ ಹತ್ತಿರ ಇರುತ್ತದೆ, ತಟ್ಟೆಗೆ ಮಲಗಿದ ಹಾಗೆ. ಲಂಡನ್ನಿಗೆ ಮಾಡಿದ್ದಾದರೆ 51.5. ಫೋಟೋದಲ್ಲಿ ಜಾಸ್ತಿ ಕಡಿದಾಗಿ ಕಾಣುತ್ತಿದೆ. 50ರ ಆಸುಪಾಸು ಬಂದರೆ ನಾನು ಮೇಲೆ ಹೇಳಿದ ಅರ್ಧ ಗಂಟೆಯ ಸಾಲು ಬಿಟ್ಟುಬಿಡಿ, ‘ಇಂಗ್ಲೆಂಡಿನ ಬಿಸಿಲಿಗೆ ಮಾಡಿದ ನೆರಳು ಗಡಿಯಾರ, ಇಲ್ಲಿ ಸರಿಯಾದ ಸಮಯ ತೋರಿಸುವುದಿಲ್ಲ’ ಎಂದು ಬರೆಸಿ.